ಒಸಡಿನ ಮದ್ದಿನ ಚರಿತ್ರೆ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲವೆಂಬ ಗಾದೆಯನ್ನು ನೀವು ಬಲ್ಲಿರಿ. ಹಲ್ಲು ಗಟ್ಟಿಯಾಗಿದ್ದೂ ಅದನ್ನು ಹಿಡಿದ ಒಸಡೇ ಕೈಬಿಟ್ಟರೆ ಏನು ಗತಿಯೆಂದು ಗಾದೆ ಕಟ್ಟಿದವರು ಹೇಳಲಿಲ್ಲ. ಸುಶ್ರುತನು ಹೇಳಿದ್ದಾನೆ. ಒಸಡಿನಿಂದ ಕೀವು ನೆತ್ತರು ಒಸರಿ ಹಲ್ಲು ಅಲುಗುವ ವ್ಯಾಧಿಗೆ ಅವನು ದಂತವೇಷ್ಟವೆನ್ನುತ್ತಾನೆ. ಹಲ್ಲಿಗೆ ಕಟ್ಟಿದ ಗಟ್ಟಿ ಕೊಳೆ ದಂತಶರ್ಕರಾ. ಹಲ್ಲಿನ ಬುಡಕ್ಕೆ ಪೆಟ್ಟಾಗದಂತೆ ವೈದ್ಯನು ಅದನ್ನು ತೆಗೆಯಬೇಕೆಂಬುದು ಅವನ ವಿಧಿ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮ್ಮ ಅಟ್ಟೂರಿನಲ್ಲಿ ನೆರೆಮನೆಯ ಹಿರಿಯರೊಬ್ಬರಿದ್ದಾರೆ. ಒಸಡು ಊದಿದಾಗಲೆಲ್ಲ ಹಳೆಯ ಚೀಟಿ ಕಳಿಸಿ ಮಾತ್ರೆ ತರಿಸುತ್ತಾರೆ. ವಾರದಲ್ಲಿ ನೋವಿಳಿಯುತ್ತದೆ, ಮೂರು ತಿಂಗಳಿಗೆ ಮರಳುತ್ತದೆ. ಈಗಾಗಲೇ ನಾಲ್ಕು ಹಲ್ಲು ಹೋಗಿವೆ. “ಗುಣ ಕೊಡುತ್ತಲ್ಲ, ಮೇಷ್ಟ್ರೇ!” ಎಂದು ನನ್ನೊಡನೆ ವಾದ ಬೇರೆ.

ಆ ಮಾತ್ರೆಯ ಚರಿತ್ರೆ ಸ್ವಾರಸ್ಯವಾದುದು. ಮೊದಲನೆಯ ಮಹಾಯುದ್ಧದಲ್ಲಿ ಕಂದಕಗಳಲ್ಲಿದ್ದ ಸೈನಿಕರ ಒಸಡು ಕೊಳೆತು ಹುಣ್ಣಾಗುತ್ತಿತ್ತು. ‘ಕಂದಕದ ಬಾಯಿ’ ಎಂದೇ ಆ ರೋಗಕ್ಕೆ ಹೆಸರಾಯಿತು. ಎರಡನೆಯ ಯುದ್ಧದ ಕಾಲಕ್ಕೆ ಪೆನಿಸಿಲಿನ್ ಬಂದಿತು. ಅನಂತರದ ತಿರುವು ಆಕಸ್ಮಿಕ. ಇಂಗ್ಲೆಂಡಿನಲ್ಲಿ ಸ್ತ್ರೀರೋಗವೊಂದಕ್ಕೆ ಮೆಟ್ರೊನಿಡಜೋಲ್ ಸೇವಿಸುತ್ತಿದ್ದ ಹೆಂಗಸೊಬ್ಬಳಿಗೆ ಒಸಡಿನ ಹುಣ್ಣೂ ವಾಸಿಯಾಯಿತು! ಶಿನ್ ಎಂಬುವರು 1962ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಮದ್ದಿನ ಗುಣವನ್ನು ಪ್ರಕಟಿಸಿದರು. ಒಸಡಿನ ಆಳದಲ್ಲಿ, ಗಾಳಿ ಸೋಕದೆಡೆ ಬೆಳೆಯುವ ಕ್ರಿಮಿಗಳಿಗೆ ಅದು ಮೃತ್ಯು. 1989ರಲ್ಲಿ ಹಾಲೆಂಡಿನ ವಾನ್ ವಿಂಕಲ್‌ಹಾಫ್ ಮತ್ತು ಸಂಗಡಿಗರು ಅದರ ಜೊತೆಗೆ ಅಮಾಕ್ಸಿಸಿಲಿನ್ ಕೂಡಿಸಿ ತೀವ್ರವಾದ ಒಸಡು ರೋಗಕ್ಕೆ ಕೊಟ್ಟರು.

ಹಾಗಾದರೆ ನಮ್ಮ ಹಿರಿಯರ ವಾದ ಸರಿಯೇ? ಅಲ್ಲ. ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ಆರೋಗ್ಯವಂತರಾದ 12 ಜನ ಹಲ್ಲುಜ್ಜುವುದನ್ನು ಬಿಟ್ಟರು. ಮೂರು ವಾರದೊಳಗೆ ಎಲ್ಲರ ಒಸಡೂ ಕೆಂಪಾಗಿ ಊದಿತು. ಮತ್ತೆ ಉಜ್ಜತೊಡಗಿದರು, ವಾರದೊಪ್ಪತ್ತಿನಲ್ಲಿ ಸರಿಹೋಯಿತು. ಮಾತ್ರೆಯ ಸುದ್ದಿಯೇ ಇಲ್ಲ! ಕ್ರಿಮಿಗಳು ಹಲ್ಲಿನ ಮೇಲೆ ಲೋಳೆಯ ಪದರವಾಗಿ ಕೋಟೆ ಕಟ್ಟಿರುತ್ತವೆ. ನೆತ್ತರಿನೊಡನೆ ಬಂದ ಮದ್ದು ಅದರೊಳಕ್ಕೆ ಚೆನ್ನಾಗಿ ಹೊಗದು. ಮೊದಲು ಕೆರೆದು ಕೋಟೆ ಒಡೆಯಬೇಕು; ರೋಗ ತೀವ್ರವಾಗಿದ್ದರೆ ವೈದ್ಯರು ಮದ್ದನ್ನು ಜೊತೆಗೆ ಕೊಟ್ಟಾರು. ಸುಶ್ರುತನು ಕ್ರಿಮಿಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡವನಲ್ಲ, ಆದರೂ ಕೈ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗಿತ್ತು. ತೋಚಿದಾಗಲೆಲ್ಲ ನುಂಗಿದರೆ ಕ್ರಿಮಿಗಳು ಆ ಮದ್ದಿಗೆ ಬಗ್ಗುವುದನ್ನೇ ಬಿಡುತ್ತವೆ. ನಾಳೆ ಬೇರೊಂದು ದೊಡ್ಡ ಕಾಯಿಲೆಗೆ ಅದೇ ಬೇಕಾದೀತು.

ಬೆಂಗಳೂರಿನಲ್ಲಿ ಸರ್ಕಾರಿ ದಂತವೈದ್ಯ ಕಾಲೇಜು ಆರಂಭವಾದುದು 1958ರಲ್ಲಿ. ಈಗ ಯಲಹಂಕದಾಚೆ ಹುಣಸಮಾರನಹಳ್ಳಿಯಲ್ಲೂ ಒಂದು ಉಂಟು. ಬರುವ ಸೋಮವಾರ ಹಿರಿಯರನ್ನು ಅಲ್ಲಿಗೆ ಕರೆದೊಯ್ಯುವವನಿದ್ದೇನೆ. ಬರಲು ಒಪ್ಪಿದ್ದಾರೆ, ಜೇಬಿನಲ್ಲಿ ಎರಡು ಮಾತ್ರೆ ಮಾತ್ರ ಇರಲೇಬೇಕಂತೆ.