ಫ್ರೀಮೇಸನ್ ಸಂಘದಲ್ಲಿ ಮತಭೇದ ಮತ್ತು ಸಹಿಷ್ಣುತೆ

ಮುಂಬಯಿಯ ಕೋಟೆ ಭಾಗ ನಮ್ಮವರಿಗೆ ಹೊಸದಲ್ಲ. ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಓದಿ ಮುಂದೆ ಬಂದ ಕನ್ನಡಿಗರ ತಲೆಮಾರುಗಳೇ ಆ ಬೀದಿಗಳಲ್ಲಿ ನಡೆದಾಡಿವೆ. ಆ ಭಾಗದಲ್ಲಿಯೇ ‘ಫ್ರೀಮೇಸನ್ಸ್ ಹಾಲ್’ ಎಂಬ ಹಳೆಯ ಕಟ್ಟಡವೊಂದುಂಟು. ಅದರ ಮುಂದೆ ಹಾದುಹೋದವರು ಬಹಳ. ಒಳಗೆ ಏನು ನಡೆಯುತ್ತದೆಂದು ಬಲ್ಲವರು ವಿರಳ. ಉತ್ತರ ಹಿಂದೂಸ್ಥಾನದ ಜನರು ಇಂಥ ಮಂದಿರಗಳನ್ನು ಹಿಂದೆ ‘ಜಾದೂಘರ್’ ಎಂದೇ ಕರೆಯುತ್ತಿದ್ದರು. ಕದ ಮುಚ್ಚಿಕೊಂಡು ನಡೆಸುವ ಕಾರ್ಯದಲ್ಲಿ ಮಾಟಮಂತ್ರವನ್ನು ಕಾಣುವುದು ಜನಸ್ವಭಾವ. ಆದರೆ ನಮ್ಮ ಕುತೂಹಲವಿರುವುದು ಆ ಗುಟ್ಟುಗಳಲ್ಲಲ್ಲ. ಎಲ್ಲ ಮತದವರೂ ಸೋದರರೆಂದು ಸಾರಿದ ಸಂಘವೊಂದು, ಬೇರೆ ಮತದವನು ನಿಜವಾಗಿ ಬಂದು ಕದ ತಟ್ಟಿದಾಗ ಏನು ಮಾಡಿತು ಎಂಬುದೇ ಈ ಲೇಖನದ ವಿಷಯ.

ಮೊದಲು ಸಂಘದ ಪರಿಚಯವನ್ನು ಸ್ವಲ್ಪ ಮಾಡಿಕೊಳ್ಳೋಣ. ‘ಮೇಸನ್’ ಎಂದರೆ ಕಲ್ಲುಕಟ್ಟಡದ ಕೆಲಸಗಾರ. ಮಧ್ಯಯುಗದ ಯುರೋಪಿನಲ್ಲಿ ದೊಡ್ಡ ದೊಡ್ಡ ಇಗರ್ಜಿಗಳನ್ನು ಕಟ್ಟಿದ ಕಲ್ಲುಕುಟಿಗರಿಗೆ ತಮ್ಮವೇ ಆದ ಕಟ್ಟುಕಟ್ಟಳೆಗಳಿದ್ದವು. ಅವರು ಕೂಡುತ್ತಿದ್ದ ಬಿಡಾರಕ್ಕೆ ‘ಲಾಡ್ಜ್’ ಎಂದು ಹೆಸರು. ನಮ್ಮ ಹೋಟೆಲು ಬಾಂಧವರು ಬಲ್ಲ ‘ಬೋರ್ಡಿಂಗ್ ಮತ್ತು ಲಾಡ್ಜಿಂಗ್’ನಲ್ಲಿರುವುದೂ ಇದೇ ಶಬ್ದವೇ. ಕಾಲಕ್ರಮದಲ್ಲಿ ಕಲ್ಲು ಮುಟ್ಟಿ ತಿಳಿಯದ ಮಹನೀಯರೂ ಈ ಕೂಟಗಳನ್ನು ಸೇರಿದರು. ಮೂಲೆಮಟ್ಟ, ಕೈವಾರಗಳು ನಡತೆಯ ಸಂಕೇತಗಳಾದವು. 1717ರ ಜೂನ್ 24ರಂದು ಲಂಡನಿನ ನಾಲ್ಕು ಲಾಡ್ಜುಗಳು ಒಂದುಗೂಡಿ ಗ್ರ್ಯಾಂಡ್ ಲಾಡ್ಜನ್ನು ಸ್ಥಾಪಿಸಿದವೆಂದು ಸಂಘದ ಸಂಪ್ರದಾಯ ಹೇಳುತ್ತದೆ. ಸದಸ್ಯನಾಗಬಯಸುವವನ ಹೆಸರನ್ನು ಒಳಗಿನವರು ಸೂಚಿಸಬೇಕು. ಅನಂತರ ಗುಪ್ತ ಮತದಾನ ನಡೆಯುತ್ತದೆ. ಒಪ್ಪಿದವರು ಬಿಳಿಯ ಗುಂಡನ್ನೂ ಒಪ್ಪದವರು ಕರಿಯ ಗುಂಡನ್ನೂ ಪೆಟ್ಟಿಗೆಯೊಳಗೆ ಹಾಕುತ್ತಾರೆ. ಕೆಲವೇ ಕರಿಯ ಗುಂಡುಗಳು ಬಿದ್ದರೂ ಸಾಕು, ಅವನಿಗೆ ಪ್ರವೇಶವಿಲ್ಲ. ಕಾರಣವನ್ನು ಯಾರೂ ಹೇಳಬೇಕಾಗಿಲ್ಲ. ಈ ಕರಿಯ ಗುಂಡನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

1723ರಲ್ಲಿ ಸಂಘದ ನಿಬಂಧನೆಗಳು ಅಚ್ಚಾದವು. ಅವನ್ನು ಬರೆದವರು ಜೇಮ್ಸ್ ಆಂಡರ್‌ಸನ್ ಎಂಬ ಸ್ಕಾಟ್ಲೆಂಡಿನ ಪ್ರೆಸ್ಬಿಟೀರಿಯನ್ ಪಾದ್ರಿ. ಮೊದಲನೆಯ ನಿಬಂಧನೆಯೇ ದೇವರು ಮತ್ತು ಮತಧರ್ಮಗಳನ್ನು ಕುರಿತದ್ದು. ಹಿಂದೆ ಮೇಸನ್ನರು ತಾವಿದ್ದ ದೇಶದ ಮತವನ್ನೇ ಅನುಸರಿಸಬೇಕಾಗಿತ್ತು. ಇನ್ನು ಮುಂದೆ ಮನುಷ್ಯರೆಲ್ಲರೂ ಒಪ್ಪುವ ಧರ್ಮವೊಂದಿದ್ದರೆ ಸಾಕು, ಉಳಿದ ಅಭಿಪ್ರಾಯಗಳು ಅವರವರಿಗೆ ಬಿಟ್ಟವು. ಸದಸ್ಯನಾದವನು ಸಜ್ಜನನೂ ಸತ್ಯವಂತನೂ ಆಗಿರಬೇಕು ಎಂಬುದು ಅದರ ತಾತ್ಪರ್ಯ. ಹಿಂದಿನ ಶತಮಾನದಲ್ಲಿ ಆ ದೇಶದವರು ಮತದ ಹೆಸರಿನಲ್ಲಿ ಹರಿಸಿದ್ದ ರಕ್ತವನ್ನು ನೆನೆದರೆ ಇದು ಸಣ್ಣ ಮಾತಲ್ಲ. ದೇವರಿಗೆ ‘ವಿಶ್ವದ ಮಹಾಶಿಲ್ಪಿ’ ಎಂಬ ಅರ್ಥದ ಹೆಸರಿಟ್ಟು, ಲಾಡ್ಜಿನೊಳಗೆ ಮತ ಮತ್ತು ರಾಜಕೀಯಗಳ ಚರ್ಚೆ ಕೂಡದೆಂದು ಕಟ್ಟು ಮಾಡಿದರು. 1730ರ ದಶಕದಲ್ಲಿಯೇ ಲಂಡನಿನ ಲಾಡ್ಜುಗಳಲ್ಲಿ ಯೆಹೂದ್ಯರಿಗೆ ಪ್ರವೇಶ ದೊರೆಯಿತು.

ರೋಮಿನ ಮಠಕ್ಕೆ ಇದು ಹಿಡಿಸಲಿಲ್ಲ. 1738ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟನು ಆಜ್ಞಾಪತ್ರ ಹೊರಡಿಸಿ, ಕ್ಯಾಥೊಲಿಕರು ಈ ಸಂಘವನ್ನು ಸೇರಕೂಡದೆಂದು ವಿಧಿಸಿದನು. ಆ ನಿಷೇಧ ಇಂದಿಗೂ ಸಡಿಲಿಲ್ಲ. 1983ರಲ್ಲಿಯೂ 2023ರಲ್ಲಿಯೂ ವ್ಯಾಟಿಕನ್ ಅದನ್ನು ಪುನಃ ಖಚಿತಪಡಿಸಿತು.

ಸಂಘದ ಒಳಗಿನ ಮಾತೂ ಎಲ್ಲ ಕಡೆ ಒಂದೇ ಆಗಿರಲಿಲ್ಲ. ಪ್ರಷ್ಯದ ಹಳೆಯ ಗ್ರ್ಯಾಂಡ್ ಲಾಡ್ಜುಗಳು ಕ್ರೈಸ್ತರಿಗೆ ಮಾತ್ರ ಪ್ರವೇಶವೆಂದು ಹಟ ಹಿಡಿದವು. ಇಂಗ್ಲೆಂಡಿನಲ್ಲಿ ದೀಕ್ಷೆ ಪಡೆದ ಯೆಹೂದ್ಯ ಸೋದರನು ಬರ್ಲಿನಿಗೆ ಹೋದರೆ ಹೊಸ್ತಿಲಿನಿಂದಲೇ ಹಿಂದಿರುಗಬೇಕಾಗುತ್ತಿತ್ತು. 1840ರ ದಶಕದಲ್ಲಿ ಇದೇ ಕಾರಣವಾಗಿ ಲಂಡನಿಗೂ ಬರ್ಲಿನಿಗೂ ಮನಸ್ತಾಪ ಬೆಳೆಯಿತು. ಈ ಕಥೆಯ ಕೊನೆ ದಾರುಣವಾದದ್ದು. 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದಾಗ ಆ ಹಳೆಯ ಲಾಡ್ಜುಗಳಲ್ಲೊಂದು ಫ್ರೀಮೇಸನ್ ಎಂಬ ಹೆಸರನ್ನೇ ಕಳಚಿ, ತಾನು ರಾಷ್ಟ್ರೀಯ ಕ್ರೈಸ್ತ ಕೂಟವೆಂದು ಹೇಳಿಕೊಂಡು ಪ್ರಾಣ ಉಳಿಸಿಕೊಳ್ಳಲು ನೋಡಿತು. ಫಲವಾಗಲಿಲ್ಲ, 1935ರೊಳಗೆ ಎಲ್ಲ ಲಾಡ್ಜುಗಳ ಬಾಗಿಲಿಗೂ ಬೀಗ ಬಿದ್ದಿತು. ಪರರಿಗೆ ಕದ ಮುಚ್ಚಿದ್ದರಿಂದ ತಮ್ಮ ಕದ ಉಳಿಯಲಿಲ್ಲ.

ಫ್ರಾನ್ಸಿನವರು ಇನ್ನೊಂದು ದಾರಿ ಹಿಡಿದರು. ಅಲ್ಲಿಯ ‘ಗ್ರಾಂದ್ ಓರಿಯಾಂ’ ಎಂಬ ಮುಖ್ಯ ಸಂಸ್ಥೆಯು 1877ರಲ್ಲಿ ದೇವರ ಅಸ್ತಿತ್ವ, ಆತ್ಮದ ಅಮರತ್ವ ಇವುಗಳ ಮೇಲಿನ ನಂಬಿಕೆಯನ್ನು ತನ್ನ ನಿಬಂಧನೆಯಿಂದ ತೆಗೆದುಹಾಕಿತು. ಇದಕ್ಕೆ ಮುಂದಾಳಾಗಿ ನಿಂತವರು ಫ್ರೆಡೆರಿಕ್ ದೆಮೊನ್ಸ್ ಎಂಬ ಪ್ರಾಟೆಸ್ಟೆಂಟ್ ಪಾದ್ರಿ! ಯಾರ ಮನಸ್ಸಿಗೂ ನಂಬಿಕೆಯ ಬಲವಂತ ಸಲ್ಲದೆಂಬುದು ಅವರ ವಾದ. ಇಂಗ್ಲೆಂಡಿನವರು ಮರುವರ್ಷವೇ ಸಂಬಂಧ ಕಡಿದುಕೊಂಡರು. ಯಾವ ದೇವರಾದರೂ ಸರಿ, ದೇವರೊಬ್ಬನನ್ನು ನಂಬಲೇಬೇಕು ಎಂಬುದು ಅವರ ಹೊಸ್ತಿಲು; ಇಂದಿಗೂ ಅದು ಹಾಗೆಯೇ ಇದೆ.

ಇನ್ನು ನಮ್ಮ ದೇಶಕ್ಕೆ ಬರೋಣ. ಈಸ್ಟ್ ಇಂಡಿಯಾ ಕಂಪನಿಯ ಹಿಂದೆಯೇ ಲಾಡ್ಜುಗಳೂ ಹಡಗಿನಿಂದಿಳಿದವು. 1730ರ ಹೊತ್ತಿಗೆ ಕಲ್ಕತ್ತೆಯಲ್ಲಿಯೂ, 1750ರ ದಶಕದಲ್ಲಿ ಮದರಾಸು ಮತ್ತು ಮುಂಬಯಿಗಳಲ್ಲಿಯೂ ಅವು ನೆಲೆಯೂರಿದ್ದವು. ಸದಸ್ಯರೆಲ್ಲ ಕಂಪನಿಯ ಸರದಾರರು, ವರ್ತಕರು. 1770ರ ದಶಕದಲ್ಲಿ ಆರ್ಕಾಟಿನ ನವಾಬನ ಮಗ ಉಮ್ದತ್-ಉಲ್-ಉಮರಾನಿಗೆ ತಿರುಚಿನಾಪಳ್ಳಿಯಲ್ಲಿ ದೀಕ್ಷೆ ಕೊಟ್ಟರು. ರಾಜಕುಮಾರನಿಗೆ ಕದ ತೆರೆಯುವುದು ಸುಲಭ. ಸಾಮಾನ್ಯನು ತಟ್ಟಿದಾಗಲೇ ಪರೀಕ್ಷೆ.

ಮುಂಬಯಿಯಲ್ಲಿ ಆ ಪರೀಕ್ಷೆಯನ್ನು ಒಡ್ಡಿದವರು ಮಾಣೆಕ್‌ಜಿ ಕರ್ಸೆಟ್‌ಜಿ ಎಂಬ ಪಾರಸಿ ಮಹನೀಯರು. ಅವರು 1808ರಲ್ಲಿ ಹುಟ್ಟಿದವರು, ವಿದ್ಯಾವಂತರು, ಮುಂದೆ ನ್ಯಾಯಾಧೀಶರೂ ಆದವರು. ಮುಂಬಯಿಯ ಏಷ್ಯಾಟಿಕ್ ಸೊಸೈಟಿಯನ್ನು ಸೇರಲು ಹೋದಾಗಲೇ ಅವರು ಮೊದಲು ನಿರಾಕರಣೆಯನ್ನು ಉಂಡಿದ್ದರು. ಲಾಡ್ಜಿನಲ್ಲಿಯೂ ಅದೇ ಆಯಿತು. ಪಾರಸಿಗಳು ಒಬ್ಬನೇ ದೇವರನ್ನು ನಂಬುವವರು. ಸಂಘದ ನಿಬಂಧನೆಯಲ್ಲಿ ಅವರಿಗೆ ಅಡ್ಡಿಯಾಗುವ ಅಕ್ಷರವೊಂದೂ ಇರಲಿಲ್ಲ. ಆದರೂ ಯುರೋಪಿಯನ್ ಸೋದರರಿಗೆ ಮನಸ್ಸು ಬರಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ನಮ್ಮ ಹಿರಿಯರು ಸುಮ್ಮನೆ ಅನ್ನಲಿಲ್ಲ.

ಮಾಣೆಕ್‌ಜಿಯವರು ಕೈಕಟ್ಟಿ ಕೂರಲಿಲ್ಲ. 1840ರ ದಶಕದ ಆರಂಭದಲ್ಲಿ ಯುರೋಪಿಗೆ ಹೋಗಿದ್ದಾಗ ಪ್ಯಾರಿಸಿನ ಲಾಡ್ಜೊಂದರಲ್ಲಿ ದೀಕ್ಷೆ ಪಡೆದು, ಮೇಸನ್ನರಾಗಿಯೇ ಮುಂಬಯಿಗೆ ಮರಳಿದರು. ಮನೆಯ ಕದ ತೆರೆಯದಿದ್ದರೆ ಊರು ಸುತ್ತಿ ಹಿತ್ತಲಿನಿಂದ ಒಳಗೆ ಬಂದ ಹಾಗಾಯಿತು. ಸ್ಕಾಟ್ಲೆಂಡಿನ ಶಾಖೆಗೆ ಇಲ್ಲಿ ಮುಖ್ಯಸ್ಥರಾಗಿದ್ದ ವೈದ್ಯ ಜೇಮ್ಸ್ ಬರ್ನ್ಸ್ ಉದಾರಿ. ಅವರ ನೆರವಿನಿಂದ 1843ರ ಡಿಸೆಂಬರಿನಲ್ಲಿ ‘ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ’ ಎಂಬ ಹೊಸ ಲಾಡ್ಜು ಭಾರತೀಯರಿಗಾಗಿಯೇ ಹುಟ್ಟಿತು. ಪಾರಸಿಗಳೂ ಮುಸಲ್ಮಾನರೂ ಮೊದಲು ಸೇರಿದರು. ಬೈಬಲಿನ ಜೊತೆಗೆ ಅವೆಸ್ತಾ, ಕುರಾನುಗಳೂ ಪೀಠವನ್ನೇರಿದವು. ಮುಂದೆ ದಾದಾಭಾಯಿ ನವರೋಜಿ, ಪಿರೋಜ್‌ಷಾ ಮೆಹತಾರಂಥ ರಾಷ್ಟ್ರನಾಯಕರೂ ಈ ಸೋದರಕೂಟಕ್ಕೆ ಸೇರಿದವರಾದರು. ಆದರೂ ಒಂದು ಮಾತನ್ನು ಮರೆಯಬಾರದು: ಹಳೆಯ ಮನೆಯಲ್ಲಿ ಜಾಗ ಕೊಡುವ ಬದಲು ಪಕ್ಕದಲ್ಲಿ ಬೇರೆ ಮನೆ ಕಟ್ಟಿಕೊಟ್ಟ ಸಹಿಷ್ಣುತೆ ಇದು. ಅರ್ಧ ತೆರೆದ ಕದ.

ಹಿಂದೂಗಳ ಸರದಿ ಇನ್ನೂ ಕಷ್ಟದ್ದಾಗಿತ್ತು. ಮುಖ್ಯಾಧಿಕಾರಿಯ ಅನುಮತಿಯಿಲ್ಲದೆ ಏಷ್ಯದವರಾರನ್ನೂ ಸೇರಿಸಿಕೊಳ್ಳಬಾರದೆಂದು ಬಂಗಾಳದ ಲಾಡ್ಜುಗಳು ಸ್ಥಳೀಯ ಉಪನಿಯಮವೊಂದನ್ನು ಮಾಡಿಕೊಂಡಿದ್ದವು. 1863ರಲ್ಲಿ ಕಲ್ಕತ್ತೆಯ ಪ್ರಸನ್ನಕುಮಾರ ದತ್ತರು ಅರ್ಜಿ ಹಾಕಿದಾಗ ಈ ಉಪನಿಯಮ ಅಡ್ಡ ಬಂದಿತು. ಹಿಂದೂಗಳು ಹಲವು ದೇವರುಗಳನ್ನು ಪೂಜಿಸುವವರು; ಜಾತಿಭೇದವನ್ನು ಪಾಲಿಸುವವರು; ಇಂಥವರು ಸೋದರರಾಗುವುದು ಹೇಗೆ ಎಂಬುದು ವಿರೋಧಿಗಳ ತಕರಾರು. ದತ್ತರು ಲಂಡನಿನವರೆಗೂ ದೂರು ಒಯ್ದರು. ಅವರ ಬಲವೆಲ್ಲ ಇದ್ದದ್ದು ಸಂಘದ ಸ್ವಂತ ಗ್ರಂಥದಲ್ಲಿಯೇ. ಮೂಲ ನಿಬಂಧನೆಯಲ್ಲಿಲ್ಲದ ಗೋಡೆಯನ್ನು ಉಪನಿಯಮ ಎಬ್ಬಿಸಬಹುದೆ? ಒಂಬತ್ತು ವರ್ಷ ಈ ವ್ಯಾಜ್ಯ ನಡೆದು, 1872ರಲ್ಲಿ ದತ್ತರಿಗೆ ದೀಕ್ಷೆಯಾಯಿತು. ಜಾತಿಯ ವಿಷಯದ ತಕರಾರಿನಲ್ಲಿ ನಮ್ಮ ಸಮಾಜ ಕೇಳಿ ತಲೆತಗ್ಗಿಸಬೇಕಾದ ಸತ್ಯಾಂಶವಿತ್ತೆಂಬುದನ್ನೂ ಒಪ್ಪಬೇಕು. ಆದರೆ ಆ ತಕರಾರನ್ನೆತ್ತಿದವರು ತಾವೇ ವರ್ಣಭೇದವನ್ನು ಪಾಲಿಸುತ್ತಿದ್ದರು.

ಇದಾದ ಹನ್ನೆರಡು ವರ್ಷಗಳಿಗೆ, 1884ರ ಫೆಬ್ರವರಿಯಲ್ಲಿ, ಅದೇ ಕಲ್ಕತ್ತೆಯ ‘ಆಂಕರ್ ಅಂಡ್ ಹೋಪ್’ ಲಾಡ್ಜಿನಲ್ಲಿ ನರೇಂದ್ರನಾಥ ದತ್ತ ಎಂಬ ತರುಣನು ದೀಕ್ಷೆ ಪಡೆದನು. ಅವನೇ ಮುಂದೆ ಸ್ವಾಮಿ ವಿವೇಕಾನಂದರಾಗಿ, 1893ರಲ್ಲಿ ಚಿಕಾಗೋ ಸರ್ವಧರ್ಮ ಸಮ್ಮೇಲನದಲ್ಲಿ ಮಾತಾಡಿದವರು. ಅವರ ವಿಶಾಲದೃಷ್ಟಿ ಲಾಡ್ಜಿನಿಂದ ಬಂದುದೆಂದು ನಾವು ಹೇಳುವುದಿಲ್ಲ. ಅದರ ಗಂಗೋತ್ರಿ ದಕ್ಷಿಣೇಶ್ವರ. ಪ್ರಸನ್ನಕುಮಾರ ದತ್ತರು ಒಂಬತ್ತು ವರ್ಷ ತಟ್ಟಿದ ಕದ ಕಿರಿಯರಿಗೆ ಸುಲಭವಾಗಿ ತೆರೆಯಿತೆಂಬುದಷ್ಟೇ ನಮ್ಮ ಮಾತು.

ಇಂಗ್ಲಿಷ್ ಲೇಖಕ ರುಡ್‌ಯಾರ್ಡ್ ಕಿಪ್ಲಿಂಗನು 1886ರಲ್ಲಿ ಲಾಹೋರಿನಲ್ಲಿ ಮೇಸನ್ ಆದನು. ಅಲ್ಲಿ ಹಿಂದೂಗಳು, ಮುಸಲ್ಮಾನರು, ಸಿಖ್ಖರು, ಯೆಹೂದ್ಯನೊಬ್ಬ, ಎಲ್ಲರೂ ತನಗೆ ದೊರೆತರೆಂದು ಆತ್ಮಕಥೆಯಲ್ಲಿ ಸ್ಮರಿಸಿದ್ದಾನೆ. ಲಾಡ್ಜನ್ನು ಕುರಿತ ಅವನ ಪದ್ಯವೊಂದರಲ್ಲಿ ಎರಡು ಕಟುಸತ್ಯಗಳೂ ಸೇರಿವೆ: ಸೋದರರು ಒಳಗೆ ಸಮಾನರು, ಹೊರಗೆ ಬಂದರೆ ದೊರೆ-ಆಳು, ಮತ್ತು ಜಾತಿ ಕೆಡುವ ಭಯದಿಂದ ಒಟ್ಟಿಗೆ ಊಟವಿಲ್ಲ. ಸಹಿಷ್ಣುತೆಯ ಗಡಿ ಎಲ್ಲಿ ನಿಂತಿತ್ತೆಂಬುದನ್ನು ಊಟದ ಪಂಕ್ತಿ ತೋರಿಸಿತು. ಲಾಹೋರು ಪಾಕಿಸ್ತಾನಕ್ಕೆ ಸೇರಿದ ಮೇಲೆ, 1972ರಲ್ಲಿ ಆ ಸರಕಾರ ಸಂಘವನ್ನೇ ನಿಷೇಧಿಸಿತು.

ಭಾರತದಲ್ಲಿ 1961ರ ನವೆಂಬರ್ 24ರಂದು ಸ್ವತಂತ್ರ ಗ್ರ್ಯಾಂಡ್ ಲಾಡ್ಜ್ ಸ್ಥಾಪನೆಯಾಯಿತು. ಅದರ ಪ್ರಥಮ ಗ್ರ್ಯಾಂಡ್ ಮಾಸ್ಟರ್ ರಾಮಪುರದ ನವಾಬ ರಜಾ ಅಲಿ ಖಾನರು. ಇಲ್ಲಿ ಭಗವದ್ಗೀತೆ, ಕುರಾನು, ಬೈಬಲು, ಗುರು ಗ್ರಂಥ ಸಾಹೇಬ, ಅವೆಸ್ತಾ, ಈ ಐದಕ್ಕೂ ಸಮಾನ ಮಾನ್ಯತೆ. ಹೊಸಬನು ತನ್ನ ಧರ್ಮದ ಗ್ರಂಥವನ್ನು ಮುಟ್ಟಿ ಪ್ರಮಾಣ ಮಾಡುತ್ತಾನೆ. ಆಂಡರ್‌ಸನ್ ಪಾದ್ರಿಯ ಮಾತು ಅವನು ಕಾಣದ ನಾಡಿನಲ್ಲಿ ಅವನು ಊಹಿಸದ ಅರ್ಥವನ್ನು ಪಡೆಯಿತು. ಆದರೆ ನಾಸ್ತಿಕನಿಗೂ ಸ್ತ್ರೀಯರಿಗೂ ಇಲ್ಲಿ ಇಂದಿಗೂ ಪ್ರವೇಶವಿಲ್ಲ. ಸ್ತ್ರೀಪುರುಷರಿಬ್ಬರಿಗೂ ತೆರೆದ ಬೇರೆ ಶಾಖೆಯೊಂದು 1893ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿತು. ಅದನ್ನು ಭಾರತಕ್ಕೆ ತಂದವರು ಆನಿ ಬೆಸೆಂಟರು.

ಈ ಇತಿಹಾಸದಿಂದ ನಾವು ತಿಳಿಯಬೇಕಾದುದೇನು? ಯಾವ ಸಂಘಕ್ಕೂ ಒಂದು ಹೊಸ್ತಿಲು ಬೇಕು. ಹೊಸ್ತಿಲಿಲ್ಲದ್ದು ಮನೆಯಲ್ಲ, ಬಯಲು. ಆದರೆ ಬರೆದಿಟ್ಟ ಹೊಸ್ತಿಲು ಬೇರೆ, ಬರೆಯದೆ ಕತ್ತಲಲ್ಲಿ ಹಾಕುವ ಕರಿಯ ಗುಂಡು ಬೇರೆ. ಬರೆದ ಮಾತಿಗೆ ಒಂದು ಗುಣವುಂಟು: ಹೊರಗೆ ನಿಂತವನು ಅದನ್ನು ಎತ್ತಿ ತೋರಿಸಿ ನ್ಯಾಯ ಕೇಳಬಲ್ಲನು. ದತ್ತರು ಗೆದ್ದದ್ದು ಹಾಗೆ. ಕರಿಯ ಗುಂಡಿನೊಡನೆ ವಾದ ಮಾಡುವುದು ಯಾರಿಗೂ ಸಾಧ್ಯವಿಲ್ಲ. ಹೊರಗಿಟ್ಟವರ ಮೇಲೆ ಮಾಣೆಕ್‌ಜಿಯವರು ತೀರಿಸಿಕೊಂಡ ಹಗೆಯಾದರೂ ಎಂಥದು? 1863ರಲ್ಲಿ ಇದೇ ಮುಂಬಯಿಯಲ್ಲಿ ಹೆಣ್ಣುಮಕ್ಕಳಿಗಾಗಿ ಅಲೆಕ್ಸಾಂಡ್ರಾ ಶಾಲೆಯನ್ನು ತೆರೆದರು. ತಮಗೆ ಮುಚ್ಚಿದ್ದ ಕದದ ನೋವನ್ನು ಬಲ್ಲವರು ಪರರಿಗೊಂದು ಕದ ತೆರೆದರು.

ಹೊರನಾಡಿನಲ್ಲಿರುವ ನಮಗೂ ಸಂಘಗಳುಂಟು. ನಮ್ಮ ನಿಬಂಧನೆಗಳಲ್ಲಿ ಕನ್ನಡಿಗರೆಲ್ಲರಿಗೂ ಸ್ವಾಗತವೆಂದೇ ಬರೆದಿದೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಉರ್ದು ಆಡುವವರೂ, ಎಲ್ಲ ಜಾತಿಮತಗಳವರೂ ಆ ಮಾತನ್ನು ನಂಬಿ ನಮ್ಮ ಬಾಗಿಲಿಗೆ ಬರುತ್ತಾರೆ. ಲಾಡ್ಜಿನವರು ಮತದ ಮಾತನ್ನೇ ಆಡದೆ, ಮೌನದಿಂದ ಸಾಮರಸ್ಯ ಸಾಧಿಸಿದರು. ನಮ್ಮನ್ನು ಕೂಡಿಸಿರುವುದು ಮಾತು, ಎಂದರೆ ನುಡಿ. ನಮಗೆ ಮೌನದ ಆಸರೆಯಿಲ್ಲ. ಕಾರ್ಯಕಾರಿ ಸಮಿತಿಯ ಪಟ್ಟಿಯಲ್ಲಿ ಯಾರ ಹೆಸರುಗಳಿವೆ, ವೇದಿಕೆಯ ಮೇಲೆ ಯಾರು ಕೂರುತ್ತಾರೆ, ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಯಾರ ಪಕ್ಕದಲ್ಲಿ ಯಾರಿದ್ದಾರೆ, ಇವನ್ನು ನೋಡಿಯೇ ಹೊರಗಿನವನು ನಮ್ಮ ನಿಬಂಧನೆಯನ್ನು ಓದುತ್ತಾನೆ. ನಾವೂ ಒಮ್ಮೆ ಹಾಗೆಯೇ ಓದಿ ನೋಡಿಕೊಳ್ಳುವುದು ಲೇಸು.