ಹೆಗಲ ಮೇಲಿನ ಬೀಗದ ಕೈ

ಮಹಾನಗರದ ಫ್ಲಾಟುಗಳಲ್ಲಿ ವಾಸಿಸುವ ನಮಗೆ ಬೀಗದ ಕೈಯೆಂದರೆ ಜೇಬಿನಲ್ಲಿ ಅಡಗುವ ವಸ್ತು. ಆದುದರಿಂದಲೇ ಹೀಬ್ರೂ ಪ್ರವಾದಿ ಯೆಶಾಯನ ಗ್ರಂಥದ 22ನೆಯ ಅಧ್ಯಾಯವನ್ನು ಓದುವಾಗ ನಾವು ಒಮ್ಮೆ ತಡೆದು ನಿಲ್ಲುತ್ತೇವೆ. ಅಲ್ಲಿ ದಾವೀದನ ಮನೆತನದ ಬೀಗದ ಕೈಯನ್ನು ಎಲ್ಯಾಕೀಮನೆಂಬ ಅಧಿಕಾರಿಯ ಹೆಗಲ ಮೇಲೆ ಇರಿಸುವ ಮಾತು ಬರುತ್ತದೆ. ಇದು ಬರಿಯ ಅಲಂಕಾರವಲ್ಲ. ಪ್ರಾಚೀನ ಪಶ್ಚಿಮ ಏಷ್ಯಾದ ಬೀಗಗಳು ಮರದವು. ಅಗುಳಿಯನ್ನು ಹಿಡಿದಿಡುವ ಗೂಟಗಳನ್ನು ಮೇಲಕ್ಕೆತ್ತಲು ಹಲ್ಲುಗಳುಳ್ಳ ಮರದ ಕೀಲಿ ಬೇಕಾಗುತ್ತಿತ್ತು. ಹೆಬ್ಬಾಗಿಲಿಗೆ ಹಿರಿಯ ಕೀಲಿ. ಅದನ್ನು ಹೊತ್ತವನು ಯಾರೆಂಬುದು ಬೀದಿಗೆಲ್ಲ ಕಾಣುತ್ತಿತ್ತು.

ಎಲ್ಯಾಕೀಮನಾದರೋ ಅರಮನೆಯ ಪಾರುಪತ್ಯಗಾರ, ಒಡೆಯನಲ್ಲ. ಅವನಿಗಿಂತ ಮೊದಲು ಆ ಹುದ್ದೆಯಲ್ಲಿದ್ದ ಶೆಬ್ನನು ಬಂಡೆಯಲ್ಲಿ ತನಗಾಗಿ ಭವ್ಯ ಸಮಾಧಿಯನ್ನು ಕೊರೆಯಿಸಿಕೊಂಡು ಪ್ರವಾದಿಯ ಕೋಪಕ್ಕೆ ಗುರಿಯಾದವನು. ಕೀಲಿಯನ್ನು ಒಪ್ಪಿಸಿದವನು ಅದನ್ನು ಹಿಂದಕ್ಕೆ ಪಡೆಯಲೂ ಬಲ್ಲನೆಂಬುದು ಆ ಪ್ರಸಂಗದಲ್ಲೇ ಅಡಕವಾಗಿದೆ.

ಗ್ರೀಕರಲ್ಲಿ ದೇಗುಲದ ಅರ್ಚಕಿಯನ್ನು 'ಕ್ಲೇದೂಖೋಸ್', ಎಂದರೆ ಕೀಲಿ ಹಿಡಿದವಳು ಎಂದು ಕರೆಯುತ್ತಿದ್ದರು. ಸಮಾಧಿಶಿಲೆಗಳಲ್ಲಿ ಬಾಗಿದ ಉದ್ದನೆಯ ಕೀಲಿಯೇ ಆಕೆಯ ಗುರುತು. ಏಷ್ಯಾ ಮೈನರಿನ ಲಗೀನದಲ್ಲಿ ಹೆಕಟೆ ದೇವಿಯ ಕೀಲಿಯನ್ನು ಮೆರವಣಿಗೆಯಲ್ಲಿ ಒಯ್ಯುವ ಉತ್ಸವವೇ ಇದ್ದಿತು. ರೋಮನರ ದ್ವಾರದೇವತೆ ಜಾನುಸನೂ ಕೀಲಿಧಾರಿಯೇ.

ಮತ್ತಾಯನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿ ಯೇಸು ಪೇತ್ರನಿಗೆ ಪರಲೋಕರಾಜ್ಯದ ಬೀಗದ ಕೈಗಳನ್ನು ಕೊಡುವೆನೆನ್ನುವಾಗ, ಯೆಹೂದಿ ಕೇಳುಗರಿಗೆ ಎಲ್ಯಾಕೀಮನು ನೆನಪಾಗಿರಬೇಕು. ಜನರ ಕಲ್ಪನೆಯೇನೋ ಪೇತ್ರನನ್ನು ಸ್ವರ್ಗದ ದ್ವಾರಪಾಲಕನನ್ನಾಗಿಸಿತು. ನಮಗೆ ಜಯವಿಜಯರ ನೆನಪು ಬರುವುದು ಸಹಜ. ಆದರೆ ಮೂಲದಲ್ಲಿ ಕೀಲಿಗಳ ಬೆನ್ನಿಗೇ ಬರುವುದು ಕಟ್ಟುವ, ಬಿಚ್ಚುವ ಮಾತು. ರಬ್ಬಿಗಳ ಪರಿಭಾಷೆಯಲ್ಲಿ ಅದರ ಅರ್ಥ ನಿಷೇಧಿಸುವುದು, ಅನುಮತಿಸುವುದು. ಎಂದರೆ ಧರ್ಮನಿರ್ಣಯದ ಅಧಿಕಾರ. ಎರಡು ಅಧ್ಯಾಯಗಳ ಮುಂದೆ ಅದೇ ಅಧಿಕಾರ ಶಿಷ್ಯರೆಲ್ಲರಿಗೂ ದೊರೆಯುತ್ತದೆ, ಕೀಲಿಗಳ ಪ್ರಸ್ತಾಪ ಮಾತ್ರ ಅಲ್ಲಿಲ್ಲ. ಈ ವ್ಯತ್ಯಾಸದ ಸುತ್ತ ಶತಮಾನಗಳ ಕಾಲ ವಾದ ನಡೆಯಿತು. ಪೇತ್ರನ ಉತ್ತರಾಧಿಕಾರಿಗಳೆಂದುಕೊಂಡ ಪೋಪರು ಚಿನ್ನ ಬೆಳ್ಳಿಯ ಜೋಡಿ ಕೀಲಿಗಳನ್ನು ಲಾಂಛನವಾಗಿಸಿಕೊಂಡರು. ಇಂದಿನ ವ್ಯಾಟಿಕನ್ ಧ್ವಜದಲ್ಲಿಯೂ ಅವಿವೆ. 1530ರಲ್ಲಿ ಮಾರ್ಟಿನ್ ಲೂಥರ್ ಕೀಲಿಗಳ ಕುರಿತೇ ಒಂದು ಗ್ರಂಥ ಬರೆದು, ಅವು ಜನರ ಮೇಲೆ ಹೊಸ ವಿಧಿಗಳನ್ನು ಹೇರುವ ಅಧಿಕಾರವಲ್ಲ, ಪಾಪವನ್ನು ತೋರಿಸಿ ಕ್ಷಮಿಸುವ ಸೇವೆಯೆಂದು ವಾದಿಸಿದನು. ಈ ಕಲಹವೆಲ್ಲ ನಮಗೆ ಶೆಬ್ನನ ಸಮಾಧಿಯ ಮುಂದುವರಿಕೆಯಂತೆಯೇ ತೋರುತ್ತದೆ.

ಭಾಷೆಗಳ ಕಡೆಗೂ ಒಮ್ಮೆ ನೋಡಬಹುದು. ಹೀಬ್ರೂವಿನಲ್ಲಿ ಕೀಲಿಯ ಹೆಸರು ತೆರೆಯುವ ಧಾತುವಿನಿಂದ ಬಂದಿದೆ. ಲ್ಯಾಟಿನಿನ 'ಕ್ಲಾವಿಸ್' ಮುಚ್ಚುವ ಕ್ರಿಯೆಯ ನಂಟು. ನಮ್ಮ ಕನ್ನಡವೋ ಅದನ್ನು ಕೈಯೆಂದೇ ಕರೆಯಿತು.

ತಾಲ್ಮೂದ್ ಹೇಳುವಂತೆ ಮಳೆ, ಹೆರಿಗೆ, ಸತ್ತವರ ಪುನರುತ್ಥಾನ ಈ ಮೂರರ ಕೀಲಿಗಳನ್ನು ದೇವರು ಯಾವ ಪ್ರತಿನಿಧಿಗೂ ಒಪ್ಪಿಸಿಲ್ಲ. ಅದೇ ಭಾಗದಲ್ಲಿ ಇನ್ನೊಂದು ಕಥೆಯಿದೆ. ಜೆರೂಸಲೇಮಿನ ಮೊದಲ ದೇವಾಲಯ ಉರಿಯುತ್ತಿರುವಾಗ ಎಳೆಯ ಅರ್ಚಕರು ಕೀಲಿಗಳೊಡನೆ ಮಾಳಿಗೆಯನ್ನೇರಿ, ನಂಬಿಗಸ್ತ ಭಂಡಾರಿಗಳಾಗುವ ಭಾಗ್ಯ ತಮಗಿಲ್ಲವಾಯಿತೆಂದು ಹೇಳಿ, ಅವನ್ನು ಆಕಾಶಕ್ಕೆ ಎಸೆದರಂತೆ. ಮೇಲಿನಿಂದ ಅಂಗೈಯೊಂದು ಚಾಚಿ ಕೀಲಿಗಳನ್ನು ಹಿಡಿದುಕೊಂಡಿತು. ಅರ್ಚಕರು ಬೆಂಕಿಗೆ ಹಾರಿದರು.