ಕೋಟದ ಮನೆಬಾಗಿಲಿನಿಂದ ಅಮ್ಮತ್ತಿಯ ಲೈನ್‌ಮನೆವರೆಗೆ

ಕರ್ನಾಟಕದಲ್ಲಿ ಮನೋವೈದ್ಯ ಶಿಕ್ಷಣ ಬಹುಕಾಲ ಆಸ್ಪತ್ರೆಯ ಕಾಂಪೌಂಡಿನೊಳಗೇ ನಡೆಯಿತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿ ಕಲಿತವರು ನೋಡುತ್ತಿದ್ದುದು ವಾರ್ಡಿಗೆ ಬಂದ ರೋಗಿಗಳನ್ನು. ಬಸ್ಸು ಹತ್ತಿ ಬೆಂಗಳೂರಿಗೆ ಬರಲಾಗದವರು, ಮನೆಯ ಹಿಂದಿನ ಕೋಣೆಯಲ್ಲೇ ದಿನ ಕಳೆದವರು ಪಾಠದ ಲೆಕ್ಕಕ್ಕೇ ಸಿಗಲಿಲ್ಲ.

ಈ ಕೊರತೆಯನ್ನು ಎದ್ದು ಕಾಣುವಂತೆ ಮಾಡಿದ್ದು ಕರಾವಳಿಯ ಕೋಟ ಗ್ರಾಮದ ಅಧ್ಯಯನ. ಅದರ ಹಿಂದೆ ಇಬ್ಬರಿದ್ದರು. ಎಡಿನ್‌ಬರೋದ ಪ್ರಾಧ್ಯಾಪಕ ಜಿ. ಎಂ. ಕಾರ್‌ಸ್ಟೇರ್ಸ್ ಮೊದಲೇ ರಾಜಸ್ಥಾನದ ಹಳ್ಳಿಯಲ್ಲಿದ್ದು ಜನರ ಮನಸ್ಸನ್ನು ಅಭ್ಯಸಿಸಿದವರು. ಅವರೊಂದಿಗೆ ದುಡಿದ ಆರ್. ಎಲ್. ಕಪೂರ್ ಆಗಿನ್ನೂ ಯುವ ಮನೋವೈದ್ಯ. ಬ್ರಾಹ್ಮಣರು, ಬಂಟರು, ಮೊಗವೀರರು ಈ ಮೂರು ಸಮುದಾಯಗಳ ಮನೆಮನೆಗೆ ಹೋಗಿ ಪ್ರಶ್ನೆ ಕೇಳಲಾಯಿತು. ತಾಯಿಯ ಕಡೆಯಿಂದ ಮನೆತನ ಮುಂದುವರಿಯುವ ಅಳಿಯಸಂತಾನ ಪದ್ಧತಿ ಸಡಿಲಗೊಳ್ಳುತ್ತಿದ್ದ ಆ ಹೊತ್ತಿನಲ್ಲಿ ಮನೆತನದ ಬದಲಾವಣೆ ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂಬುದು ಅಧ್ಯಯನದ ಒಂದು ಮುಖ್ಯ ಪ್ರಶ್ನೆಯಾಗಿತ್ತು. ಇಂಥ ಕೆಲಸಕ್ಕೆ ಹೊರದೇಶದ ಪ್ರಶ್ನಾವಳಿ ಒಗ್ಗುವುದಿಲ್ಲ. ಮೈಕೈ ನೋವು, ಎದೆಯುರಿ, ದೆವ್ವ ಮೆಟ್ಟುವುದು ಎಂದೆಲ್ಲ ಜನ ಸಂಕಟವನ್ನು ಹೇಳಿಕೊಳ್ಳುವ ನಾಡಿಗಾಗಿ ಕಪೂರ್, ಮನಶ್ಶಾಸ್ತ್ರಜ್ಞೆ ಮಾಲವಿಕಾ ಕಪೂರ್ ಮತ್ತು ಕಾರ್‌ಸ್ಟೇರ್ಸ್ ಬೇರೆಯೇ ಸಂದರ್ಶನ ಪಟ್ಟಿಯನ್ನು ರೂಪಿಸಿ 1974ರಲ್ಲಿ ಪ್ರಕಟಿಸಿದರು. ಅಧ್ಯಯನದ ಗ್ರಂಥ ಬಂದದ್ದು 1976ರಲ್ಲಿ.

ಕೋಟದವರು ವೈದ್ಯರು, ಮಂತ್ರವಾದಿಗಳು, ದೈವ ಮೈಮೇಲೆ ಬರುವ ಪಾತ್ರಿಗಳು ಎಲ್ಲರ ಬಳಿಗೂ ಹೋಗುತ್ತಿದ್ದರು. ಡಾಕ್ಟರ ಔಷಧಿ ಪಡೆದವರೇ ದೈವದ ದರ್ಶನಕ್ಕೂ ನಿಲ್ಲುತ್ತಿದ್ದರು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕದೆ, ನೊಂದವರು ಮೊದಲು ಎಲ್ಲಿ ಬಾಗಿಲು ತಟ್ಟುತ್ತಾರೆ ಎಂದು ಬರೆದಿಟ್ಟುಕೊಂಡದ್ದೇ ಕೋಟದ ದೊಡ್ಡ ಪಾಠ. ಆ ಪಾಠ ಕಪೂರರ ವೃತ್ತಿಯ ದಿಕ್ಕಿನಲ್ಲಿ ಕಾಣಿಸಿಕೊಂಡಿತು. ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯ ಘಟಕವನ್ನು ಕಟ್ಟಿದವರಲ್ಲಿ ಅವರು ಮುಖ್ಯರು. ಬನ್ನೇರುಘಟ್ಟ ರಸ್ತೆಯ ಕಡೆಯ ಸಕಲವಾರದಲ್ಲಿ ಈ ಘಟಕದ ಗ್ರಾಮೀಣ ಕೇಂದ್ರ ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತೀವ್ರ ಮನೋರೋಗ, ಮೂರ್ಛೆರೋಗಗಳನ್ನು ಗುರುತಿಸುವ ತರಬೇತಿ ಅಲ್ಲಿ ರೂಪುಗೊಂಡಿತು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಇದೇ ಕ್ರಮ ಜಿಲ್ಲಾಮಟ್ಟದಲ್ಲಿ ನಡೆಯಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಈ ಪರಂಪರೆಯಲ್ಲೇ ಬೆಳೆದ ಡಾ. ಸಿ. ಆರ್. ಚಂದ್ರಶೇಖರ್ ಮನೋರೋಗಗಳ ಕುರಿತು ನೂರಕ್ಕೂ ಹೆಚ್ಚು ಕನ್ನಡ ಪುಸ್ತಕಗಳನ್ನು ಬರೆದರು. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಊರಿನ ಮಾತಿನಲ್ಲಿ ಪ್ರಶ್ನೆ ಕೇಳಲು ಕಲಿತ ವೈದ್ಯಶಾಸ್ತ್ರ ಉತ್ತರವನ್ನೂ ಅದೇ ಮಾತಿನಲ್ಲಿ ಕೊಟ್ಟದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕನ್ನಡದಲ್ಲಿಲ್ಲ.

ಕೊಡಗಿನಲ್ಲಿ ಹೀಗೆ ಮನೆಬಾಗಿಲಿಗೇ ಹೋಗಿ ಮನಸ್ಸಿನ ಸಂಕಟ ಕೇಳುವ ಕೆಲಸಕ್ಕೆ ನೆಲೆ ತಡವಾಗಿ ಒದಗಿತು. ಮಡಿಕೇರಿಯ ವೈದ್ಯಕೀಯ ಕಾಲೇಜು ಆರಂಭವಾದದ್ದು 2016ರಲ್ಲಿ. ಅನಂತರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕುಟುಂಬ ದತ್ತು ಕಾರ್ಯಕ್ರಮ ತಂದಿತು. ಎಂಬಿಬಿಎಸ್ ವಿದ್ಯಾರ್ಥಿ ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯವನ್ನು ಗಮನಿಸುತ್ತ ಬರಬೇಕು. ರಕ್ತದೊತ್ತಡ, ಸಕ್ಕರೆ ಅಳೆದು ಹಿಂದಿರುಗಿದರೆ ಈ ಅವಕಾಶ ಅರ್ಧ ಮಾತ್ರ ಬಳಕೆಯಾದಂತೆ.

ವಿರಾಜಪೇಟೆ–ಸಿದ್ದಾಪುರ ದಾರಿಯ ಅಮ್ಮತ್ತಿ ಕೋಟದಂಥ ಅಧ್ಯಯನಕ್ಕೆ ತಕ್ಕ ಊರು. ಸುತ್ತ ಕಾಫಿ ತೋಟಗಳು, ಕೊಡವ ಒಕ್ಕಗಳ (ಮನೆತನಗಳ) ಐನ್‌ಮನೆಗಳು, ಎರವ ಬುಡಕಟ್ಟಿನವರ ಮತ್ತು ಹೊರನಾಡಿನಿಂದ ಬಂದ ಕಾರ್ಮಿಕರ ಲೈನ್‌ಮನೆಗಳು. ತೋಟದ ಜನಕ್ಕೆ ಊರಿನ ಆರ್‌ಐಎಚ್‌ಪಿ ಆಸ್ಪತ್ರೆಯ ಪರಿಚಯವಿದೆ. ಕಾಡಾನೆಯ ಭಯ, ಕುಡಿತ, ಮಕ್ಕಳು ಹೊರದೇಶಕ್ಕೆ ಹೋದ ಮೇಲೆ ಒಂಟಿಯಾದ ಹಿರಿಯರು, 2019ರ ಕಾವೇರಿ ಪ್ರವಾಹದಲ್ಲಿ ಸಿದ್ದಾಪುರ ಬಳಿಯ ಕರಡಿಗೋಡು, ನೆಲ್ಯಹುದಿಕೇರಿಗಳಲ್ಲಿ ಮನೆ ಕಳೆದುಕೊಂಡವರು: ಇವೆಲ್ಲ ಇಲ್ಲಿ ಕೇಳಲೇಬೇಕಾದ ಪ್ರಶ್ನೆಗಳು. ಕಾಫಿ ಕೊಯ್ಲಿನ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಹಗಲು ಲೈನ್‌ಮನೆಗಳಲ್ಲಿ ಯಾರೂ ಸಿಗುವುದಿಲ್ಲ. ವಿದ್ಯಾರ್ಥಿ ಸಂಜೆಯೇ ಹೋಗಬೇಕು, ಎರವ ಭಾಷೆ ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಈ ಅನುಭವದಿಂದ ಕೆಲವರು ಮನೋವೈದ್ಯರಾಗಬಹುದು, ಕೆಲವರು ಮನೋವೈದ್ಯಕೀಯ ಸಮಾಜಕಾರ್ಯ ಹಿಡಿಯಬಹುದು. ಈ ಕೆಲಸ ತಮ್ಮದಲ್ಲ ಎಂದು ತಿಳಿದುಕೊಳ್ಳುವುದೂ ಪ್ರಯೋಜನವೇ.

ನೋವಿನ ಕಥೆ ಬರೆದುಕೊಂಡು ಸುಮ್ಮನೆ ಹೊರಟುಬಿಡುವುದು ಮಾತ್ರ ಸಲ್ಲದು. ಹೇಳಿಕೊಂಡವರಿಗೆ ಹತ್ತಿರದ ಚಿಕಿತ್ಸೆಯ ದಾರಿ ತೋರಿಸಿಯೇ ವಿದ್ಯಾರ್ಥಿ ಮೇಲೇಳಬೇಕು. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಸಹಾಯವಾಣಿ ಕೆಲಸ ಮಾಡುತ್ತಿದೆ; 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು.